ಎತ್ತಿನಗುಡ್ಡದಲ್ಲಿ ಇಳಿದ ಕಂಡಕ್ಟರ್

ರಾಯಚೂರಿನ ಬಸ್ ನಿಲ್ದಾಣದ ಪಕ್ಕದಲ್ಲೇ ಕೋಟೆಯ ಗೋಡೆ ಇದೆ. ನವೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ಆ ಗೋಡೆಯ ಕೆಳಗೆ ನಿಂತು ಬುರ್ಹಾನುದ್ದೀನ್ ಹದಿನಾಲ್ಕು ಜನರನ್ನು ಎರಡು ಸಲ ಎಣಿಸಿದರು. ಎರಡು ಸಲವೂ ಹದಿನಾಲ್ಕೇ ಬಂತು. ಆದರೂ ಟೆಂಪೊ ಟ್ರಾವೆಲರಿನ ಬಾಗಿಲಲ್ಲಿ ನಿಂತು, ಒಬ್ಬೊಬ್ಬರೂ ಹತ್ತುವಾಗ ಬೆರಳು ಮಡಚುತ್ತ ಮೂರನೆಯ ಸಲ ಎಣಿಸಿದರು.

"ಮಾಮು, ಯಾರೂ ಓಡಿ ಹೋಗಿಲ್ಲ, ಬರ್ರಿ," ಎಂದು ಸ್ಟಿಯರಿಂಗ್ ಹಿಡಿದು ಕೂತಿದ್ದ ಜಹೀರ್ ನಕ್ಕ.

ಜಹೀರ್ ಅವರ ತಂಗಿಯ ಮಗ. ಗಾಡಿ ಅವನದೇ. ಮೂರು ತಿಂಗಳಿಂದ ಭಾನುವಾರಕ್ಕೊಮ್ಮೆ ಜನರನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ. ಬೆಳಿಗ್ಗೆ ರಾಯಚೂರಿನ ಕೋಟೆ, ಸಂಜೆ ದೇವದುರ್ಗದ ಕೋಟೆ, ನಡುವೆ ಊಟ. ಎರಡು ಕೋಟೆಗಳ ನಡುವೆ ಇಡೀ ಮಧ್ಯಾಹ್ನ ಖಾಲಿ ಉಳಿಯುತ್ತದೆ ಎಂದು ಬಂದವರು ಗೊಣಗುತ್ತಿದ್ದರು. ಆಗ ಬುರ್ಹಾನುದ್ದೀನ್ ಒಂದು ಮಾತು ಹೇಳಿದರು: ಮಾನ್ವಿಯಿಂದ ಮುಂದೆ ಎತ್ತಿನಗುಡ್ಡ ಅಂತ ಇದೆ, ಅಲ್ಲಿ ಗವಿ ಇದೆ, ಗವಿಯೊಳಗೆ ಕೆಂಪು ಬಣ್ಣದಲ್ಲಿ ಬರೆದ ಹಳೆಯ ಕಾಲದ ಎತ್ತುಗಳಿವೆ, ಕುರುಚಲು ಕಾಡಿನಲ್ಲಿ ಅರ್ಧ ತಾಸು ನಡೆದರೆ ಸಾಕು. "ದಾರಿ ಗೊತ್ತೇನು?" ಎಂದು ಜಹೀರ್ ಕೇಳಿದ. "ಮೂವತ್ತೊಂದು ವರ್ಷ ಅದೇ ರೂಟಿನ್ಯಾಗ ಇದ್ದೀನಿ," ಎಂದರು ಮಾಮು.

ಆ ಮಾತು ನಿಜ. ರಾಯಚೂರು, ಮಾನ್ವಿ, ದೇವದುರ್ಗ ರೂಟಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದು ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಎತ್ತಿನಗುಡ್ಡದ ಕ್ರಾಸಿನಲ್ಲಿ ಅವರು ಸಾವಿರಾರು ಸಲ ಬಸ್ಸು ನಿಲ್ಲಿಸಿದ್ದರು. ಆದರೆ ಒಮ್ಮೆಯೂ ಅಲ್ಲಿ ಇಳಿದಿರಲಿಲ್ಲ. ಬಸ್ಸು ಅಲ್ಲಿ ನಿಲ್ಲುವುದು ಒಂದು ನಿಮಿಷ. ರಜೆಯ ದಿನ ಹೋಗಿ ಬರೋಣ ಎಂದರೆ ಹೆಂಡತಿ ಹಸೀನಾ ಬೇಗಂ, "ವಾರಪೂರ್ತಿ ಬಸ್ಸು, ರಜಾ ದಿನಾನೂ ಬಸ್ಸೇನು?" ಎನ್ನುತ್ತಿದ್ದರು. ಆ ಮಾತಿನಲ್ಲೂ ನ್ಯಾಯವಿತ್ತು. ಹೀಗಾಗಿ ಗುಡ್ಡ ಕಿಟಕಿಯಾಚೆಗೇ ಉಳಿಯಿತು. ಈ ಸಂಗತಿ ಗೊತ್ತಿದ್ದದ್ದು ಹಸೀನಾ ಬೇಗಂ ಒಬ್ಬರಿಗೇ. ಅಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಕೈಗೆ ಕೊಡುತ್ತ ಅವರು ಕೇಳಿದ್ದು ಇಷ್ಟು: "ಇವತ್ತಾದ್ರೂ ಇಳೀತೀರಲ್ಲ?"

ಇಳಿಯುವುದು ಸುಲಭ. ಗವಿ ಸಿಗಬೇಕಲ್ಲ ಎನ್ನುವುದೇ ಅವರ ಚಿಂತೆಯಾಗಿತ್ತು. ಸಿಕ್ಕರೆ ಇನ್ನು ಮುಂದೆ ಪ್ರತಿ ಭಾನುವಾರ ದಾರಿ ತೋರಿಸುವ ಕೆಲಸ ಅವರದು. ಸಿಗದಿದ್ದರೆ, ಹಣ ಕೊಟ್ಟು ಬಂದ ಹದಿನಾಲ್ಕು ಜನರ ಮುಂದೆ ಸೋದರಳಿಯನ ಮುಖ ಸಣ್ಣದಾಗುತ್ತದೆ.

ಕೋಟೆಯಲ್ಲಿ ಅವರಿಗೆ ಅಳುಕಿರಲಿಲ್ಲ. ದಿನದ ಡ್ಯೂಟಿ ಶುರುವಾಗುತ್ತಿದ್ದದ್ದೇ ಆ ಗೋಡೆಯ ನೆರಳಿನಲ್ಲಿ. ಗೋಡೆಗೆ ಕೂಡಿಸಿದ ಉದ್ದನೆಯ ಬಂಡೆಯನ್ನೂ, ಅದನ್ನು ಬಂಡಿಗೆ ಹೇರಿ ಜಾನುವಾರುಗಳಿಂದ ಎಳೆಸಿ ತಂದ ಬಗೆಯನ್ನು ಕೊರೆದ ಚಿತ್ರವನ್ನೂ ತೋರಿಸಿ, "ನೋಡ್ರಿ, ಇಷ್ಟು ದೊಡ್ಡ ಕಲ್ಲು ಲಗೇಜ್ ಟಿಕೆಟ್ ಇಲ್ಲದ ಬಂದದ," ಎಂದರು. ಜನ ನಕ್ಕರು. ಯಾವ ವಿಷಯ ಹೇಳಿದರೂ ಯಾರಿಂದ ತಿಳಿಯಿತು ಎಂಬುದನ್ನು ಅವರು ಬಿಡುತ್ತಿರಲಿಲ್ಲ. "ಇದನ್ನ ಹೇಳಿದವರು ಕಲ್ಲೂರಾಗ ಹತ್ತಿ ಮಾನ್ವಿಯಾಗ ಇಳೀತಿದ್ದ ವಕೀಲರು. ಮುಂದಿನದು ನನಗ ಗೊತ್ತಿಲ್ಲ, ಅಷ್ಟರಾಗ ಮಾನ್ವಿ ಬರ್ತಿತ್ತು."

ಪ್ರವಾಸಿಗಳಲ್ಲಿ ಪ್ರಿಯದರ್ಶಿನಿ ಎಂಬ ಚಿತ್ರಕಲಾ ಶಿಕ್ಷಕಿ ಇದ್ದರು. ರಾಯಚೂರಿನ ಒಂದು ಪ್ರೌಢಶಾಲೆಯಲ್ಲಿ ಕೆಲಸ. ಗವಿಯ ಚಿತ್ರಗಳನ್ನು ನಕಲು ಮಾಡಿಕೊಳ್ಳಬೇಕೆಂದೇ ದೊಡ್ಡ ಡ್ರಾಯಿಂಗ್ ಪುಸ್ತಕ ತಂದಿದ್ದರು.

"ಎಷ್ಟು ಎತ್ತು ಅದಾವ್ರಿ ಗವಿಯೊಳಗ?" ಎಂದು ಕೋಟೆ ಮುಗಿಸಿ ಗಾಡಿ ಮಾನ್ವಿಯ ಕಡೆ ಹೊರಟ ಮೇಲೆ ಅವರು ಕೇಳಿದರು.

"ಪರಮಣ್ಣ ಮಾಸ್ತರು ಏಳು ಅಂತಿದ್ರು. ಕುರಿ ಕಾಯೋ ಅಂಜಿನೇಯ ಒಂಬತ್ತು ಅಂತಿದ್ದ. ಇಬ್ಬರೂ ಒಂದಿನ ನನ್ನ ಬಸ್ಸಿನ್ಯಾಗೇ ಜಗಳಾಡ್ಯಾರ."

"ನೀವು ಎಣಿಸಿದಾಗ?"

ಬುರ್ಹಾನುದ್ದೀನ್ ಕಿಟಕಿಯ ಹೊರಗೆ ನೋಡಿದರು. "ಅಗೋ, ಹತ್ತಿ ಹೊಲ ಎಷ್ಟು ಬೆಳ್ಳಗ ಒಡದಾವ ನೋಡ್ರಿ," ಎಂದರು.

ಮಾನ್ವಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಹತ್ತು ನಿಮಿಷ ಎಂದು ಇಳಿದವರು ಇಪ್ಪತ್ತು ನಿಮಿಷವಾದರೂ ಮಿರ್ಚಿ ತಿನ್ನುತ್ತಲೇ ಇದ್ದರು. ಬುರ್ಹಾನುದ್ದೀನರು ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಮ್ಮ ಜನರನ್ನು ಕರೆಯಲು ಬಾಯಿ ತೆರೆದರು. ಆದರೆ ಮೂವತ್ತೊಂದು ವರ್ಷದ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು.

"ಮಲ್ಲಟ ಕ್ರಾಸ್, ಎತ್ತಿನಗುಡ್ಡ, ದೇವದುರ್ಗ! ಬರ್ರಿ ಬರ್ರಿ ಬರ್ರಿ! ದೇವದುರ್ಗ ಯಾರ್ರೀ?"

ರಸ್ತೆ ಬದಿಯಲ್ಲಿ ನಿಂತಿದ್ದ ಮೂವರು ಓಡಿಬಂದು ಹತ್ತಿಬಿಟ್ಟರು. ವಿಷಯ ತಿಳಿಸಿದಾಗ ಇಬ್ಬರು ಇಳಿದರು. ಮೂರನೆಯವರು ಎಪ್ಪತ್ತರ ಆಸುಪಾಸಿನ ಹೆಂಗಸು. ಮೊದಲನೆಯ ಸೀಟಿನಲ್ಲಿ ಕೂತು, ಕಾಲ ಬಳಿ ಚೀಲ ಇಟ್ಟುಕೊಂಡು, ಸರಕಾರಿ ಬಸ್ಸಿನಲ್ಲಿ ತೋರಿಸುವಂತೆ ಆಧಾರ್ ಕಾರ್ಡನ್ನು ಮುಂದೆ ಹಿಡಿದರು.

"ಬಸ್ಸವ್ವಾ," ಎಂದರು ಬುರ್ಹಾನುದ್ದೀನ್. ಎತ್ತಿನಗುಡ್ಡದ ಕ್ರಾಸಿನ ಬಸ್ಸಮ್ಮ ಅವರ ಹಳೆಯ ಪ್ರಯಾಣಿಕರು. "ಇದು ಸರಕಾರಿ ಬಸ್ಸಲ್ಲ. ಟೂರಿನ ಗಾಡಿ."

"ನೀ ಬರ್ರಿ ಅಂದಿ, ನಾ ಬಂದೀನಿ. ಈಗ ಇಳಿ ಅಂತೀಯೇನು?"

"ನಾ ಕರದಿದ್ದು ಇವರನ್ನ, ಯವ್ವಾ."

"ಇವರೇನು ಕಿವುಡರೇನು, ಊರಿಗೆಲ್ಲ ಕೇಳಂಗ ಒದರಾಕ? ನೀ ಇದ್ದಿ ಅಂದ್ರ ಇದು ನಮ್ಮ ಬಸ್ಸೇ. ಹೊಡಿ ರೈಟ್."

ಗಾಡಿಯಲ್ಲಿದ್ದವರೆಲ್ಲ ನಕ್ಕರು. ಇರಲಿ ಬಿಡಿ ಎಂದು ಪ್ರಿಯದರ್ಶಿನಿ ಅವರ ಪಕ್ಕಕ್ಕೆ ಬಂದು ಕೂತರು. ಮಾತಿಗೆ ಮಾತು ಬೆಳೆಯಿತು. ಇವರೆಲ್ಲ ಗವಿ ನೋಡಲು ಹೊರಟಿದ್ದಾರೆ ಎಂದು ತಿಳಿದ ಬಸ್ಸಮ್ಮ ಕೇಳಿದರು:

"ದಾರಿ ಯಾರು ತೋರಸ್ತಾರ?"

"ಇವರೇ."

ಬಸ್ಸಮ್ಮ ಬುರ್ಹಾನುದ್ದೀನರನ್ನು ಮೇಲಿಂದ ಕೆಳಗೆ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. "ಈ ಕಂಡಕ್ಟರ? ಯಪ್ಪಾ! ಇಷ್ಟು ವರ್ಷ ನಮ್ಮ ಕ್ರಾಸಿನ್ಯಾಗ ಬಸ್ಸು ನಿಂತದ. ಇವನ ಚಪ್ಪಲಿಗಿ ನಮ್ಮ ಮಣ್ಣು ಹತ್ತಿದ್ದು ಒಂದಿನ ನೋಡಿಲ್ಲ ನಾನು. ಒಂದು ಕಾಲು ಮೆಟ್ಟಿಲ ಮ್ಯಾಲ, ಇನ್ನೊಂದೂ ಮೆಟ್ಟಿಲ ಮ್ಯಾಲೇ!"

ಈ ಸಲ ಯಾರೂ ನಗಲಿಲ್ಲ. ಜಹೀರ್ ಕನ್ನಡಿಯಲ್ಲಿ ನೋಡಿದ.

"ಮಾಮು, ದಾರಿ ಗೊತ್ತದ ಅಂದಿದ್ರಲ್ಲ?"

"ಮೂವತ್ತೊಂದು ವರ್ಷ ಅದೇ ರೂಟಿನ್ಯಾಗ ಇದ್ದೀನಿ ಅಂದಿದ್ದೆ," ಎಂದರು ಬುರ್ಹಾನುದ್ದೀನ್. ಆಮೇಲೆ ಎದ್ದು ನಿಂತು, ಮೇಲಿನ ಸರಳು ಹಿಡಿದು, ಎಲ್ಲರ ಕಡೆಗೂ ತಿರುಗಿ ಹೇಳಿದರು: "ಬಸ್ಸವ್ವ ಹೇಳಿದ್ದು ಖರೆ ಅದ. ಗವಿ ನಾ ನೋಡಿಲ್ಲ. ಕಿಟಕ್ಯಾಗಿಂದ ದಿನಾ ನೋಡೀನಿ, ಹತ್ತಿಲ್ಲ. ಬ್ಯಾಡ ಅಂದ್ರ ಗಾಡಿ ಸೀದಾ ದೇವದುರ್ಗಕ್ಕ ಹೋಗತದ. ಅಲ್ಲಿನ ಕೋಟಿ ನನಗ ಚಂದ ಗೊತ್ತು, ನೈಟ್ ಹಾಲ್ಟ್ ಮಾಡೀನಿ."

ಪ್ರಿಯದರ್ಶಿನಿ ಡ್ರಾಯಿಂಗ್ ಪುಸ್ತಕವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡರು. "ನಾವೂ ನೋಡಿಲ್ಲ, ನೀವೂ ನೋಡಿಲ್ಲ. ಕೂಡೇ ನೋಡಿದ್ರಾಯ್ತು," ಎಂದರು. ಹಿಂದಿನ ಸೀಟಿನಿಂದ ಯಾರೋ, "ಹೊಡೀರಿ ರೈಟ್!" ಎಂದು ಕೂಗಿದರು.

ಗುಡ್ಡದ ಬುಡದಲ್ಲೇ ಬಸ್ಸಮ್ಮನ ಮನೆ. ಗಾಡಿಯನ್ನು ಅಲ್ಲಿಯೇ ಬೇವಿನ ನೆರಳಿನಲ್ಲಿ ನಿಲ್ಲಿಸಿದರು. ಬಸ್ಸಮ್ಮನಿಗೆ ಮಂಡಿನೋವು, ಹತ್ತಲಾರರು. ಅಂಗಳದಿಂದಲೇ ಕೋಲು ಎತ್ತಿ ತೋರಿಸಿದರು: "ಆಡಿನ ಹಾದಿ ಹಿಡೀರಿ. ಒಡಕ ಬಂಡಿಗಲ್ಲು ತನಕ ಸೀದಾ ಹೋಗ್ರಿ. ಮುಂದ ಹಾದಿ ಎರಡಾಗತದ. ಮುಂಚೆ ಎಡಕ್ಕ ಹೋಗ್ತಿದ್ವಿ. ಈಗ ಜಾಲಿ ಬೆಳದು ಹೆಂಗಾಗ್ಯದೋ ನಾ ಕಾಣೆ."

ಬುರ್ಹಾನುದ್ದೀನ್ ಮೆಟ್ಟಿಲಿಳಿದು ನೆಲದ ಮೇಲೆ ಎರಡೂ ಕಾಲೂರಿದರು. ಬಸ್ಸಮ್ಮ ಅವರ ಚಪ್ಪಲಿಯನ್ನೇ ನೋಡಿದರು. "ಹತ್ತಿತಪಾ ಮಣ್ಣು," ಎಂದರು.

ಹಾದಿ ಸಣ್ಣದಾಗಿತ್ತು. ಎರಡೂ ಕಡೆ ಸೀತಾಫಲದ ಗಿಡಗಳು, ತುದಿಯಲ್ಲಿ ಹಕ್ಕಿ ತಿಂದು ಬಿಟ್ಟ ಹಣ್ಣುಗಳು. ಮುಳ್ಳುಹಂದಿಯ ಒಂದು ಮುಳ್ಳು ಸಿಕ್ಕಿತು, ಅದು ಕೈಯಿಂದ ಕೈಗೆ ಹೋಯಿತು. ಎಲ್ಲೋ ನವಿಲು ಕೂಗಿತು. ಇಪ್ಪತ್ತು ನಿಮಿಷದಲ್ಲಿ ನಡು ಸೀಳಿದ ದೊಡ್ಡ ಬಂಡೆ ಬಂತು. ಅದರಾಚೆ ಎಡಗಡೆಯ ಹಾದಿ ಇರಲೇ ಇಲ್ಲ, ಆಳೆತ್ತರದ ಜಾಲಿ ಮುಚ್ಚಿಕೊಂಡಿತ್ತು. ಬಲಗಡೆಯ ಹಾದಿ ಹಿಡಿದು ಹೋದರೆ ಅದು ಗುಡ್ಡ ಸುತ್ತಿ ಕೆಳಗಿಳಿಯಿತು. ಎಲ್ಲರೂ ವಾಪಸು ಬಂದರು. ಮೇಲೆ ನೋಡಿದರೆ ಬಂಡೆಯ ಮೇಲೆ ಬಂಡೆ, ಎಲ್ಲವೂ ಒಂದೇ ಥರ. ಕಪ್ಪು ನೆರಳು ಹತ್ತು ಕಡೆ ಇತ್ತು, ಅದರಲ್ಲಿ ಗವಿ ಯಾವುದೆಂದು ಹೇಳುವಂತಿರಲಿಲ್ಲ.

"ಊಟಾನಾದ್ರೂ ಮಾಡೋಣೇನು ಮಾಮು?" ಎಂದ ಜಹೀರ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಬುರ್ಹಾನುದ್ದೀನ್ ಗುಡ್ಡಕ್ಕೆ ಬೆನ್ನು ಮಾಡಿ ಕೆಳಗಿನ ರಸ್ತೆಯನ್ನು ನೋಡುತ್ತ ನಿಂತಿದ್ದರು. ಗುಡ್ಡವನ್ನು ಇಷ್ಟು ಹತ್ತಿರದಿಂದ ಅವರು ಎಂದೂ ಕಂಡಿರಲಿಲ್ಲ, ಇಲ್ಲಿಂದ ಅದರ ಗುರುತೇ ಹತ್ತುತ್ತಿರಲಿಲ್ಲ. ರಸ್ತೆಯಾದರೆ ಅವರದು. ಗಡಿಯಾರ ನೋಡಿಕೊಂಡರು.

"ಎರಡು ನಿಮಿಷ ತಡೀರಿ. ಹನ್ನೊಂದು ನಲವತ್ತರ ಬಸ್ಸು ಬರ್ತದ."

"ಬಸ್ಸು ಯಾಕ್ರಿ ಈಗ?" ಎಂದರು ಪ್ರಿಯದರ್ಶಿನಿ.

"ಅಗೋ ಆ ಕಲ್ಲಿನ ಸೇತುವಿ ದಾಟಿದ ಮ್ಯಾಲ ಏರು ಶುರು. ಡ್ರೈವರ್ ಸೆಕೆಂಡ್ ಗೇರಿಗಿ ಹಾಕ್ತಾನ. ಅಲ್ಲಿ, ಅಷ್ಟೇ ಜಾಗಾದಾಗ, ಬಾಗಲಾಗ ನಿಂತವಗ ಗವಿ ಕಾಣತದ. ಎರಡು ಬಂಡಿಗಲ್ಲಿನ ನಡುವ ಕಾಡಿಗಿ ಹಚ್ಚಿದಂಗ. ಆಚಿ ಕಾಣಲ್ಲ, ಈಚಿ ಕಾಣಲ್ಲ. ಬಸ್ಸಿನಿಂದ ಗವಿ ಕಾಣತದ ಅಂದ್ರ, ಗವಿಯಿಂದ ಬಸ್ಸು ಕಾಣಬೇಕಲ್ರೀ?"

ಬಸ್ಸು ಹನ್ನೊಂದು ನಲವತ್ತೆರಡಕ್ಕೆ ಬಂತು. "ಎರಡು ನಿಮಿಷ ಲೇಟು," ಎಂದರು ಬುರ್ಹಾನುದ್ದೀನ್. ಸೇತುವೆ ದಾಟಿತು. ಎಂಜಿನ್ನಿನ ದನಿ ಬದಲಾದದ್ದು ಗುಡ್ಡದ ಮೇಲಕ್ಕೂ ಕೇಳಿಸಿತು. ಆ ಕ್ಷಣದಲ್ಲಿ ಬಸ್ಸು ಇದ್ದ ಜಾಗದ ಪಕ್ಕದಲ್ಲಿ ಒಂದು ಒಂಟಿ ತಾಳೆಮರ ಇತ್ತು. ಬಸ್ಸು ಹೋದರೂ ಮರ ನಿಂತಿತು. ಇನ್ನು ಆ ಮರ ಕಾಣುವ ಜಾಗ ಹುಡುಕಿದರಾಯಿತು. ಅವರು ಜಾಲಿಯನ್ನು ಕೋಲಿನಿಂದ ಸರಿಸುತ್ತ ಏರತೊಡಗಿದರು. ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುವರು. ಮರ ಬಂಡೆಯ ಮರೆಯಾದರೆ "ಹೋಲ್ಡಾನ್," ಮತ್ತೆ ಕಂಡರೆ "ರೈಟ್." ಹದಿನಾಲ್ಕು ಜನ ಅವರ ಹಿಂದೆ ನಿಲ್ಲುತ್ತ, ನಡೆಯುತ್ತ, ಆಮೇಲಾಮೇಲೆ ತಾವೂ ತಿರುಗಿ ನೋಡಿ ಒಟ್ಟಿಗೆ "ಹೋಲ್ಡಾನ್", "ರೈಟ್" ಎಂದು ಕೂಗುತ್ತ ಏರಿದರು. ಗುಡ್ಡದಲ್ಲಿ ಒಂದು ಬಸ್ಸೇ ಹತ್ತುತ್ತಿರುವಂತಿತ್ತು.

ಎರಡು ಬಂಡೆಗಳ ನಡುವೆ ರಸ್ತೆ, ಸೇತುವೆ, ತಾಳೆಮರ ಮೂರೂ ಒಟ್ಟಿಗೆ ಕಂಡ ಜಾಗದಲ್ಲಿ ಬುರ್ಹಾನುದ್ದೀನ್ ನಿಂತರು. ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು. ತಿರುಗಿದರು. ಗವಿ ಅಲ್ಲಿತ್ತು.

ಒಳಗೆ ಇಪ್ಪತ್ತು ಜನ ನಿಲ್ಲುವಷ್ಟು ಜಾಗ. ಎದುರಿನ ಬಂಡೆಯ ಮೇಲೆ ಕಾವಿಕೆಂಪು ಬಣ್ಣದ ಎತ್ತುಗಳು, ಉದ್ದ ಕೋಡು, ಹೆಗಲ ಮೇಲೆ ಎತ್ತರದ ಇಣಿ, ತೆಳ್ಳನೆಯ ಕಾಲು. ಎಲ್ಲರ ಮಾತು ಪಿಸುಮಾತಾಯಿತು. ಪ್ರಿಯದರ್ಶಿನಿ ನೆಲದಲ್ಲಿ ಕೂತು ಪೆನ್ಸಿಲ್ ತೆಗೆದರು. ವಿವರಣೆ ಕೊಡಬೇಕಾದವರು ಬೆರಳು ಮಡಚುತ್ತ ಎತ್ತುಗಳನ್ನು ಎಣಿಸತೊಡಗಿದರು.

ಮುಕ್ಕಾಲು ತಾಸಿನ ನಂತರ ಎಲ್ಲರೂ ಹೊರಗೆ ಬಂದು ನಿಂತರು. ಹಸಿವಾಗಿತ್ತು. ಜಹೀರ್ ಎಣಿಸಿದ, ಹದಿನಾಲ್ಕು. ಹೊರಡಬಹುದಿತ್ತು. ಆದರೆ ರೈಟ್ ಎನ್ನುವವರೇ ಇರಲಿಲ್ಲ.

"ಮಾಮು! ಟೈಮಾತು!" ಎಂದು ಜಹೀರ್ ಕೂಗಿದ. ಇನ್ನೊಬ್ಬರು, "ಯಾರಪಾ ಅದು, ಒಬ್ಬರ ಸಲುವಾಗಿ ಇಡೀ ಗಾಡಿ ನಿಲ್ಲಬೇಕೇನು?" ಎಂದು ಕಂಡಕ್ಟರ್ ದನಿಯಲ್ಲಿ ಗದರಿದರು.

ಪ್ರಿಯದರ್ಶಿನಿ ಒಳಗೆ ಹೋಗಿ ನೋಡಿದರು. ಗವಿಯ ಹಿಂಭಾಗದಲ್ಲಿ, ಮೇಲಿನ ಬಂಡೆ ಸೊಂಟದ ಎತ್ತರಕ್ಕೆ ಇಳಿದಿದ್ದ ಕಡೆ, ಬುರ್ಹಾನುದ್ದೀನ್ ನೆಲದ ಮೇಲೆ ಅಂಗಾತ ಮಲಗಿದ್ದರು. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈಯ ಬೆರಳು ಮೇಲಕ್ಕೆ.

"ಏನಾತ್ರೀ?" ಎಂದು ಅವರು ಗಾಬರಿಯಾದರು.

"ಗ್ವಾಡಿ ಮ್ಯಾಲ ಏಳು," ಎಂದರು ಬುರ್ಹಾನುದ್ದೀನ್, ಕಣ್ಣು ಕದಲಿಸದೆ. "ಇಲ್ಲಿ ಎರಡು. ಮಲಗಿದ್ರಷ್ಟೇ ಕಾಣತಾವ. ಮಾಸ್ತರು ಪ್ಯಾಂಟಿನವರು, ನಿಂತು ನೋಡ್ಯಾರ. ಅಂಜಿನೇಯ ಕುರಿ ಬಿಟ್ಟು ಇಲ್ಲೇ ಮಲಗತಿದ್ದ. ಇಬ್ಬರೂ ಖರೇನೇ ಹೇಳ್ಯಾರ. ಹನ್ನೆರಡು ವರ್ಷ ಆತು ಆ ಜಗಳಕ್ಕ."

ಪ್ರಿಯದರ್ಶಿನಿ ಡ್ರಾಯಿಂಗ್ ಪುಸ್ತಕ ಹಿಡಿದು ಅವರ ಪಕ್ಕದಲ್ಲಿ ಮಲಗಿದರು. ವಿಷಯ ಹೊರಗೆ ಮುಟ್ಟಿ, ಎಲ್ಲರೂ ಸರದಿಯಂತೆ ಇಬ್ಬಿಬ್ಬರಾಗಿ ಬಂದು ಮಲಗಿ ಎದ್ದರು. ಹೊರಡುವುದು ಇನ್ನೂ ಒಂದು ತಾಸು ತಡವಾಯಿತು.

ಕೆಳಗೆ ಬಸ್ಸಮ್ಮ ದೊಡ್ಡ ಕೊಡದಲ್ಲಿ ಮಜ್ಜಿಗೆ ಮಾಡಿಟ್ಟಿದ್ದರು. ಗವಿ ಸಿಕ್ಕಿತೇ ಎಂದು ಅವರು ಕೇಳಲಿಲ್ಲ. ಲೋಟ ಕೊಡುತ್ತ ಬುರ್ಹಾನುದ್ದೀನರ ಹಿಂದಕ್ಕೊಮ್ಮೆ ಹೋಗಿ ಬಂದರು. "ಒಂಬತ್ತೂ ಕಂಡಾವ," ಎಂದರು.

"ನಿನಗ್ಹೆಂಗ ಗೊತ್ತವ್ವಾ?"

"ನಿನ್ನ ಬೆನ್ನು ಹೇಳಾಕತ್ತದ."

ಬಿಳಿ ಅಂಗಿಯ ಬೆನ್ನಿನ ತುಂಬ ಕೆಂಪು ಧೂಳು ಅಂಟಿತ್ತು. ಜಹೀರ್ ಟವೆಲ್ ತಂದು ಝಾಡಿಸಲು ಹೋದ. ಬುರ್ಹಾನುದ್ದೀನ್ ಹಿಂದೆ ಸರಿದು ಅವನ ಕೈ ಹಿಡಿದರು.

"ಇರಲಿ ಬಿಡು. ಹಸೀನಾ ನೋಡಲಿ."

ದೇವದುರ್ಗದವರೆಗೂ ಅವರು ಸೀಟಿಗೆ ಒರಗದೆ, ಬಾಗಿಲ ಬಳಿ ನೆಟ್ಟಗೆ ನಿಂತೇ ಹೋದರು.