ಅಕ್ಕನಿಗೊಂದು ಸೈಕಲ್ ದಾರಿ

ನನಗೆ ಮೋಟಾರು ವಾಹನಗಳನ್ನು ಕಂಡರಾಗದು. ಈಗಲೂ ಆಗದು, ಐವತ್ತರ ದಶಕದ ಕೊನೆಯಲ್ಲಂತೂ ಅವುಗಳ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಅದಕ್ಕೆ ಕಾರಣವಿದೆ. ಮಣಿಪಾಲದ ಬೋಳು ಗುಡ್ಡದಿಂದ ಉಡುಪಿಗೆ ಸೈಕಲ್ಲಿನಲ್ಲಿ ಇಳಿಯುತ್ತಿದ್ದಾಗ ಹಂಚು ಹೇರಿದ ಲಾರಿಯೊಂದು ನನ್ನನ್ನು ಚರಂಡಿಗೆ ದೂಡಿ, ನಿಲ್ಲಿಸದೆ ಹೊರಟುಹೋಗಿತ್ತು. ಮೊಣಕೈಯ ಗಾಯ ಎರಡು ವಾರದಲ್ಲಿ ಮಾಯಿತು. ಸಿಟ್ಟು ಮಾಯಲಿಲ್ಲ. ಮೋಟಾರು ಓಡದ ದಾರಿಗಳನ್ನೆಲ್ಲ ಹುಡುಕಿ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ ಎಂದು ಅಂದೇ ಹಟ ತೊಟ್ಟೆ.

ಆಗ ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರು. ವಾರವಿಡೀ ಅಲ್ಲೇ ಒಂದು ಕೋಣೆಯಲ್ಲಿ ವಾಸ, ಶನಿವಾರ ಮಧ್ಯಾಹ್ನ ಕಾಪುವಿನ ಮನೆಗೆ. ಬಿಡುವಿದ್ದಾಗಲೆಲ್ಲ ಸೈಕಲ್ ಹತ್ತಿ ದಾರಿ ಹುಡುಕುತ್ತ ಹೊರಡುತ್ತಿದ್ದೆ. ಪುಸ್ತಕದಲ್ಲಿ ಮೂರು ಭಾಗ ಮಾಡಿದ್ದೆ: ಗಟ್ಟಿಗರಿಗೆ, ಸಾಧಾರಣದವರಿಗೆ, ಹೆದರುವವರಿಗೆ. ಗಟ್ಟಿಗರಿಗೆಂದು ಬರೆದದ್ದು ಪರ್ಕಳ ದಾಟಿದ ಮೇಲೆ ಬಸ್ ರಸ್ತೆ ಬಿಟ್ಟು, ಮುರಕಲ್ಲಿನ ಗುಡ್ಡಗಳ ಗಾಡಿದಾರಿ ಹಿಡಿದು ಕಾರ್ಕಳ ಸೇರುವ ದಾರಿ. ಸಾಧಾರಣದವರಿಗೆ ಕೆಮ್ಮಣ್ಣಿನಿಂದ ಹೂಡೆಗೆ ಹೊಳೆಯ ಬದಿಯಲ್ಲಿ ಹೋಗುವ ದಾರಿ. ಹೆದರುವವರಿಗೆ ನಮ್ಮ ಕಾಪುವಿನ ಕಡಲ ದಂಡೆ. ನೀರು ಇಳಿದಾಗ ಅಲ್ಲಿಯ ಒದ್ದೆ ಹೊಯಿಗೆ ಸಿಮೆಂಟಿನ ನೆಲದಷ್ಟು ಗಟ್ಟಿ. ಬಿದ್ದರೂ ದೊಡ್ಡ ಪೆಟ್ಟಾಗುವುದಿಲ್ಲ.

ಸ್ಟಾಫ್ ರೂಮಿನಲ್ಲಿ ನನ್ನ ಪುಸ್ತಕ ಒಂದು ತಮಾಷೆಯ ವಸ್ತು. ಸಂಸ್ಕೃತ ಪಂಡಿತರೊಬ್ಬರು ಮಾತ್ರ ಅದನ್ನು ನಂಬಿ, ತಾವೂ ಗಟ್ಟಿಗರೆಂದುಕೊಂಡು ಒಮ್ಮೆ ಕಾರ್ಕಳಕ್ಕೆ ನನ್ನೊಡನೆ ಹೊರಟರು. ಅರ್ಧ ದಾರಿ ಸೈಕಲ್ಲಿನ ಮೇಲೆ ಅವರು, ಇನ್ನರ್ಧ ದಾರಿ ಅವರ ಹೆಗಲ ಮೇಲೆ ಸೈಕಲ್ಲು. ಬರುವಾಗ ಬಸ್ಸಿನ ತಲೆಯ ಮೇಲೆ ಸೈಕಲ್ ಹಾಕಿಸಿ ಒಬ್ಬರೇ ಬಂದರು. ಒಂದು ವಾರ ನನ್ನೊಡನೆ ಮಾತಿಲ್ಲ. ನನಗೇನೂ ಬೇಸರವಾಗಲಿಲ್ಲ. ದಾರಿ ಸರಿಯಾಗಿಯೇ ಇತ್ತು, ಅವರು ತಪ್ಪು ಭಾಗ ಓದಿದ್ದರು.

ಕಾಪುವಿನ ನಮ್ಮ ಮನೆ ಮಂಗಳೂರು ರಸ್ತೆಯ ಬದಿಗೇ ಇತ್ತು. ಮನೆಯಲ್ಲಿ ಅಮ್ಮ ಮತ್ತು ಅಕ್ಕ. ಅಕ್ಕನ ಬಲಗಾಲು ಚಿಕ್ಕಂದಿನ ಜ್ವರವೊಂದರಲ್ಲಿ ಸೊರಗಿಹೋಗಿತ್ತು. ಗೋಡೆ ಹಿಡಿದು, ಕೋಲು ಊರಿ ನಡೆಯುತ್ತಿದ್ದಳು. ಹದಿನಾರನೆಯ ವಯಸ್ಸಿಗೆ ಹೊಲಿಗೆ ಮೆಷಿನ್ನಿನ ಮುಂದೆ ಕುಳಿತವಳು ಮೂವತ್ತನಾಲ್ಕು ದಾಟಿದರೂ ಅಲ್ಲೇ ಇದ್ದಳು. ಕಾಪುವಿನ ಅರ್ಧ ಊರಿನ ರವಿಕೆಗಳು ಅವಳ ಕೈಯವೇ. ಬಸ್ಸು ಹತ್ತುವುದು ಅವಳಿಂದ ಆಗದು. ಒಮ್ಮೆ ಕಂಡಕ್ಟರೊಬ್ಬ ಅವಸರದಲ್ಲಿ ಅವಳ ಕಂಕುಳಿಗೆ ಕೈಹಾಕಿ ಅಕ್ಕಿಮುಡಿಯ ಹಾಗೆ ಎತ್ತಿ ಒಳಗಿಟ್ಟಿದ್ದ. ಜನ ನಕ್ಕರು. ಆಮೇಲೆ ಅವಳು ಬಸ್ಸಿನ ಸುದ್ದಿಗೇ ಹೋಗಲಿಲ್ಲ.

ಆ ವರ್ಷ ಬೇಸಿಗೆ ರಜೆಯಲ್ಲಿ ನಾನು ಮನೆಗೆ ಬಂದಾಗ ಅವಳು ಕೆಲಸಕ್ಕೆ ಕರೆದ ಒಂದು ಕಾಗದ ನನ್ನ ಕೈಗಿತ್ತಳು. ಕಾಪುವಿನಿಂದ ದಕ್ಷಿಣಕ್ಕೆ, ಹೆಜಮಾಡಿಯ ದಿಕ್ಕಿನಲ್ಲಿ ಎರಡೂವರೆ ಮೈಲಿ ದೂರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಹೊಲಿಗೆ ಟೀಚರು ಬೇಕಿತ್ತು. ಅಕ್ಕ ನಮಗೆ ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳು. ಹೆಡ್‌ಮಿಸ್ಟ್ರೆಸ್ ಮನೆಗೇ ಬಂದು ಹೊಲಿಗೆ ನೋಡಿ ಮೆಚ್ಚಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದ್ದರಂತೆ.

“ದಿನಾ ಬೆಲ್ಲಿಗೆ ಸರಿಯಾಗಿ, ಯಾರ ಸಹಾಯವೂ ಇಲ್ಲದೆ ಬರಲಿಕ್ಕೆ ಆಗ್ತದಾ?”

“ಆಗ್ತದೆ” ಎಂದಿದ್ದಳು ಅಕ್ಕ.

“ಹೇಗೆ ಆಗ್ತದೆ?” ಎಂದು ನಾನು ಕೇಳಿದೆ.

“ಸೈಕಲಿನಲ್ಲಿ. ನೀನು ಕಲಿಸು.”

ಅಮ್ಮ ಹಣೆ ಚಚ್ಚಿಕೊಂಡರು. ನನಗೆ ಮಾತ್ರ ಹೇಳಲಾಗದಷ್ಟು ಖುಷಿಯಾಯಿತು. ಹೆದರುವವರಿಗೆಂದು ಬರೆದಿಟ್ಟ ಪುಟಗಳನ್ನು ಕೊನೆಗೂ ಒಬ್ಬರು ಓದುವವರು ಸಿಕ್ಕಿದ್ದರು.

ಬೊಂಬಾಯಿಗೆ ಹೊರಟಿದ್ದ ಕೊಂಕಣಿ ನರ್ಸ್ ಒಬ್ಬರ ಲೇಡೀಸ್ ಸೈಕಲ್ಲು ಸಿಕ್ಕಿತು. ಉಡುಪಿಯ ಸೈಕಲ್ ಶಾಪಿನವನು ಅಕ್ಕನ ಕಾಲಿನ ವಿಷಯ ಕೇಳಿ, ಬಲಗಡೆಯ ಪೆಡಲ್ ಕಳಚಿ, ಆ ಕಾಲು ಇಟ್ಟುಕೊಳ್ಳಲು ಒಂದು ಕಬ್ಬಿಣದ ಪಟ್ಟಿ ಬೆಸೆದುಕೊಟ್ಟ. ಎಡ ಪೆಡಲಿಗೆ ಹಳೆಯ ಟ್ಯೂಬಿನ ಪಟ್ಟಿ ಬಿಗಿದ. ಕಾಲು ಮೇಲೆತ್ತಿದರೆ ಪೆಡಲೂ ಮೇಲೆ ಬರಬೇಕು, ಅಷ್ಟೇ ಉಪಾಯ. ಒಂದೇ ಕಾಲಿನಿಂದ ಸೈಕಲ್ ಓಡಿಸಬಹುದೆಂದು ಅಂದಿನವರೆಗೆ ನನಗೂ ಗೊತ್ತಿರಲಿಲ್ಲ.

ಎಪ್ರಿಲಿನಿಂದ ಮೇ ತಿಂಗಳ ನಡುವಿನವರೆಗೆ, ನೀರು ಇಳಿದ ಹೊತ್ತು ನೋಡಿಕೊಂಡು ಕಡಲ ದಂಡೆಯಲ್ಲಿ ಅಭ್ಯಾಸ. ಮನೆಯಿಂದ ದಂಡೆಯವರೆಗೆ ಅವಳನ್ನು ಸೀಟಿನ ಮೇಲೆ ಕೂರಿಸಿ ನಾನೇ ದೂಡಿಕೊಂಡು ಹೋಗುತ್ತಿದ್ದೆ. ಮೊದಲ ವಾರ ಹ್ಯಾಂಡಲ್ ಅವಳ ಕೈಯಲ್ಲಿ, ಸೀಟು ನನ್ನ ಕೈಯಲ್ಲಿ, ಬೈಗುಳ ನನ್ನ ಬಾಯಲ್ಲಿ. ಎರಡನೆಯ ವಾರ ನಾನು ಕೈ ಬಿಟ್ಟದ್ದು ಗೊತ್ತಾಗದೆ ಅವಳು ದೀಪಸ್ತಂಭದ ಬಂಡೆಯವರೆಗೂ ಹೋಗಿಬಿಟ್ಟಳು. ಮೀನು ಒಣಗಿಸುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು ಕೂಗಿದರು: “ಅಕ್ಕಾ, ಕಡಲಿಗೆ ಮಾತ್ರ ಇಳೀಬೇಡಿ ಮಾರಾಯ್ತಿ!” ಅವರು ಕೂಗಿದ್ದು ತುಳುವಿನಲ್ಲಿ, ಅಕ್ಕ ನಕ್ಕದ್ದು ನನಗೆ ಅಷ್ಟು ದೂರಕ್ಕೂ ಕೇಳಿಸಿತು. ಬಿದ್ದದ್ದೂ ಉಂಟು, ಉಪ್ಪುನೀರು ಕುಡಿದದ್ದೂ ಉಂಟು. ಅವಳಿಗೆ ಕಷ್ಟವಾಗುತ್ತಿದ್ದದ್ದು ಓಡಿಸುವುದಲ್ಲ, ಹತ್ತುವುದು ಮತ್ತು ಇಳಿಯುವುದು. ಪಕ್ಕದಲ್ಲಿ ಕಾಲೂರಲು ಒಂದು ಬಂಡೆಯೋ ಕಟ್ಟೆಯೋ ಇದ್ದರೆ ಅವಳಷ್ಟಕ್ಕೇ ಹತ್ತಬಲ್ಲಳು. ಇಲ್ಲದಿದ್ದರೆ ಯಾರಾದರೂ ಹಿಡಿಯಬೇಕು.

ಇನ್ನು ದಾರಿ. ಲಾರಿ ಬಸ್ಸುಗಳ ದೊಡ್ಡ ರಸ್ತೆಗೆ ಅಕ್ಕನನ್ನು ಬಿಡುವ ಮಾತೇ ಇರಲಿಲ್ಲ. ರಸ್ತೆಗೂ ಕಡಲಿಗೂ ನಡುವೆ, ತೆಂಗಿನ ತೋಟಗಳ ಒಳಗಿಂದ, ಮನೆಗಳ ಅಂಗಳದ ಬದಿಯಿಂದ ಶಾಲೆಯವರೆಗೂ ಹೋಗುವ ದಾರಿಯೊಂದನ್ನು ಹುಡುಕಿದೆ. ನಾಲ್ಕು ಸಲ ನಾನೇ ಹೋಗಿ ಬಂದೆ. ನೆರಳು, ಗಟ್ಟಿ ನೆಲ, ಏರಿಲ್ಲ, ಇಳಿತವಿಲ್ಲ. ‘ಒಂದೇ ಒಂದು ಮೋಟಾರು ಇಲ್ಲ. ಯಾರಿಗೂ ಆದೀತು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಶಾಲೆ ತೆರೆಯಲು ಒಂದು ವಾರವಿದ್ದಾಗ ಅಕ್ಕನನ್ನು ಆ ದಾರಿಯಲ್ಲಿ ಕರೆದುಕೊಂಡು ಹೊರಟೆ. ಮೊದಲ ತೋಟ ಮುಗಿಯುವಲ್ಲಿ ಅವಳು ಬ್ರೇಕು ಹಿಡಿದಳು. ಎದುರಿಗೆ ತಡಮೆ. ದನ ಒಳಗೆ ನುಗ್ಗದಂತೆ ಬೇಲಿಯ ಬಾಯಿಗೆ ಅಡ್ಡ ಕಟ್ಟಿದ ಸೊಂಟದೆತ್ತರದ ಬಿದಿರ ಗಳುಗಳು; ಮನುಷ್ಯರು ಕಾಲೆತ್ತಿ ದಾಟಿಕೊಳ್ಳಬೇಕು. ನಮ್ಮ ಕಡೆ ತಡಮೆ ಇಲ್ಲದ ತೋಟವೇ ಇಲ್ಲ. ನಾನು ಅವಳನ್ನು ಇಳಿಸಿ, ಸೈಕಲ್ಲನ್ನು ಆಚೆ ದಾಟಿಸಿ, ಅವಳನ್ನು ಹಿಡಿದು ದಾಟಿಸಿ, ಮತ್ತೆ ಹತ್ತಿಸಿದೆ. ಒಂದು ಕೂಗಳತೆಯಲ್ಲಿ ಇನ್ನೊಂದು. ಅಲ್ಲಿಂದ ಮುಂದೆ ಮತ್ತೊಂದು.

ನಾಲ್ಕನೆಯದರ ಹತ್ತಿರ ಅವಳು ಕೇಳಿದಳು: “ಇನ್ನೆಷ್ಟು ಉಂಟು?”

ನನಗೆ ಗೊತ್ತಿರಲಿಲ್ಲ. ನಾಲ್ಕು ಸಲ ಆ ದಾರಿಯಲ್ಲಿ ಹೋದ ಗಣಿತದ ಮಾಸ್ಟ್ರಿಗೆ ಒಂದೇ ಒಂದು ತಡಮೆಯ ಲೆಕ್ಕ ಇರಲಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿ ಕಾಲು ಬೀಸಿ ದಾಟುವುದು ನನಗೆ ಹುಟ್ಟಿನಿಂದ ಬಂದದ್ದು. ಉಸಿರಾಡಿದ್ದನ್ನು ಯಾರು ಎಣಿಸುತ್ತಾರೆ? ಸೈಕಲ್ ಬರುವ ಮೊದಲು ಅಕ್ಕ ಮನೆಯ ಅಂಗಳ ದಾಟಿದ್ದೇ ಅಪರೂಪವಾದ್ದರಿಂದ ಅವಳೂ ಇದನ್ನು ಯೋಚಿಸಿರಲಿಲ್ಲ.

ಒಂಬತ್ತನೆಯದಕ್ಕೆ ಬಂದಾಗ ಮುಕ್ಕಾಲು ದಾರಿಯೂ ಆಗಿರಲಿಲ್ಲ, ಹೊರಟು ಒಂದೂವರೆ ಗಂಟೆಯಾಗಿತ್ತು. ಅಕ್ಕನ ಮುಖ ಬೆವರಿನಲ್ಲಿ ತೊಯ್ದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ತಡಮೆಗಳಿಗೆ ಬೈದೆ, ತಡಮೆ ಕಟ್ಟಿದವರಿಗೆ ಬೈದೆ, ಅಲ್ಲೇ ಮೇಯುತ್ತಿದ್ದ ಏನೂ ಅರಿಯದ ಹಸುವಿಗೂ ಬೈದೆ. ಗಲಾಟೆ ಕೇಳಿ ಆ ಮನೆಯ ಹೆಂಗಸು ಹೊರಗೆ ಬಂದು, ನಮ್ಮನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ವಿಷಯ ಕೇಳಿ ಅವರಿಗೂ ಕನಿಕರವಾಯಿತು.

“ನಮ್ಮದನ್ನು ಬೇಕಾದರೆ ಬೆಳಿಗ್ಗೆ ತೆಗೆದಿಡಬಹುದು. ಆದರೆ ಆಚೆ ಮನೆಯವರ ಕರು ಉಂಟಲ್ಲ, ಅದು ನಮ್ಮ ಬಸಳೆ ಚಪ್ಪರವನ್ನು ಮುಗಿಸಿಬಿಡ್ತದೆ” ಎಂದರು.

“ಬೇಡ ಅಮ್ಮ, ಬಸಳೆ ಇರಲಿ” ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಇನ್ನೊಂದು ವಾರದಲ್ಲಿ ಶಾಲೆ. ನಾನು ಉಡುಪಿಯಲ್ಲಿರುತ್ತೇನೆ. ಈ ದಾರಿ ಇಲ್ಲವೆಂದರೆ ಕೆಲಸವೂ ಇಲ್ಲ ಎಂದು ಲೆಕ್ಕ ಹಾಕಿದ್ದೆ. ಅವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ಕ ನನ್ನನ್ನು ಮೆಷಿನ್ನಿನ ಬಳಿ ಕಿಟಕಿಯ ಹತ್ತಿರ ಕರೆದಳು. “ಇಲ್ಲಿ ಕೂತುಕೋ. ವಾಚು ಉಂಟಲ್ಲ?”

ಕೂತೆ. ಅವಳು ಬಟ್ಟೆಯಿಂದ ಕಣ್ಣೆತ್ತದೆ, “ಈಗ ಮಂಗಳೂರಿಗೆ ಹೋಗುವ ಬಸ್ಸು. ಹಾರನ್ ಒಡೆದುಹೋಗಿದೆ ಅದರದ್ದು” ಎಂದಳು. ಎಂಟು ಗಂಟೆಗೆ ಐದು ನಿಮಿಷ ಇತ್ತು. ಒಡಕು ದನಿಯ ಹಾರನ್ ಕೇಳಿಸಿತು, ಬಸ್ಸು ಹೋಯಿತು. “ಇನ್ನು ಉಡುಪಿ ಕಡೆಗಿನದ್ದು.” ಅದೂ ಹೋಯಿತು. “ಮಲ್ಪೆಯ ಮೀನಿನ ಲಾರಿ ಎಲ್ಲ ಬೆಳಕು ಹರಿಯುವ ಮೊದಲೇ ಆಯ್ತು. ಇನ್ನು ಮುಕ್ಕಾಲು ಗಂಟೆ ಎತ್ತಿನ ಗಾಡಿ ಬಿಟ್ಟರೆ ಎಂತದೂ ಇಲ್ಲ.”

ಮುಕ್ಕಾಲು ಗಂಟೆ ವಾಚು ಹಿಡಿದು ಕುಳಿತೆ. ಎರಡು ಎತ್ತಿನ ಗಾಡಿ, ಒಂದು ನಾಯಿ, ಬುಟ್ಟಿ ಹೊತ್ತ ಮೀನಿನ ಹೆಂಗಸರು. ನಾನು ಹಳ್ಳಿ ಹಳ್ಳಿ ಸುತ್ತಿ ಹುಡುಕಿದ್ದ ಮೋಟಾರಿಲ್ಲದ ದಾರಿ ನಮ್ಮ ಮನೆಯ ಬಾಗಿಲಲ್ಲೇ, ದಿನಕ್ಕೆ ಮುಕ್ಕಾಲು ಗಂಟೆ, ಖಾಲಿ ಬಿದ್ದಿರುತ್ತಿತ್ತು.

“ಸಂಜೆ ಸಹ ಹೀಗೆ ಒಂದು ಹೊತ್ತು ಉಂಟು. ದಾರಿಯಲ್ಲಿ ಮೋರಿ ಕಟ್ಟೆಗಳು ಎಲ್ಲೆಲ್ಲಿ ಎಂದು ಮೀನಿನವಳ ಹತ್ತಿರ ಕೇಳಿದ್ದೇನೆ. ನಿಲ್ಲಬೇಕಾದರೆ ಅದಕ್ಕೆ ಕಾಲು ಕೊಟ್ಟರಾಯ್ತು. ತಡಮೆ ಒಂದೂ ಇಲ್ಲ.”

“ಲಾರಿಗೆ ಟೈಮ್ ಟೇಬಲ್ ಇಲ್ಲ ಅಕ್ಕ. ಬೇಡ” ಎಂದೆ.

ಅವಳು ಮೆಷಿನ್ ನಿಲ್ಲಿಸಿದಳು. “ನಾನು ನಿನ್ನ ಹತ್ತಿರ ಕೇಳಿದ್ದು ಕಲಿಸು ಎಂದು. ಹೋಗಲಾ ಎಂದು ಕೇಳಲಿಲ್ಲ ಮಾರಾಯ.”

ಶಾಲೆ ತೆರೆಯುವ ದಿನ ಆಕಾಶ ಕಪ್ಪಾಗಿತ್ತು, ಮಳೆ ಮಾತ್ರ ತಡೆದು ನಿಂತಿತ್ತು. ನನ್ನ ಶಾಲೆ ಮರುದಿನಕ್ಕಿತ್ತು. ಅಕ್ಕ ಜಗಲಿಯ ಕಟ್ಟೆಗೆ ಕಾಲೂರಿ ಸೈಕಲ್ ಹತ್ತಿ, ಕ್ಯಾರಿಯರಿಗೆ ಕೋಲು ಕಟ್ಟಿಸಿಕೊಂಡು, ಉಡುಪಿ ಬಸ್ಸು ಹೋದದ್ದೇ ಹೊರಟಳು. ಹಿಂದೆ ಬರಬಾರದೆಂದು ಆಣೆ ಹಾಕಿಸಿಕೊಂಡಿದ್ದಳು. ನಾನು ಒಂದು ಫರ್ಲಾಂಗು ಬಿಟ್ಟು ಹಿಂದೆಯೇ ಹೊರಟೆ.

ಅರ್ಧ ದಾರಿಯಲ್ಲಿ ಬೆನ್ನಿಗೆ ಎಂಜಿನ್ನಿನ ಸದ್ದು. ಹಂಚಿನ ಲಾರಿ. ಅವಳ ಲೆಕ್ಕದಲ್ಲಿ ಇಲ್ಲದ್ದು. ಲಾರಿ ನನ್ನನ್ನು ದಾಟಿ ಅವಳ ಕಡೆ ಹೋಗುತ್ತಿದ್ದಂತೆ ನಾನು ಹುಚ್ಚನಂತೆ ಪೆಡಲ್ ತುಳಿದೆ, “ಅಕ್ಕಾ!” ಎಂದು ಕಿರುಚಿದೆ, ಕಣ್ಣೆಲ್ಲ ಅತ್ತಲೇ ಇದ್ದುದರಿಂದ ರಸ್ತೆ ಬಿಟ್ಟು ಸೀದಾ ಚರಂಡಿಗೆ ಇಳಿದೆ. ಕೆಸರಿನಿಂದ ತಲೆಯೆತ್ತಿ ನೋಡುವಾಗ ಅವಳು ರಸ್ತೆಯ ಎಡ ಅಂಚಿನಲ್ಲಿ, ಮೆಷಿನ್ನಿನಲ್ಲಿ ಹೊಲಿಗೆ ಹಾಕಿದಷ್ಟು ನೇರಕ್ಕೆ ಹೋಗುತ್ತಿದ್ದಳು. ಲಾರಿಯವನು ಒಮ್ಮೆ ಹಾರನ್ ಮಾಡಿ, ಬಲಕ್ಕೆ ಅಗಲವಾಗಿ ತಿರುಗಿಸಿಕೊಂಡು ಅವಳನ್ನು ದಾಟಿ ಹೋದ. ಸೈಕಲ್ಲು ಅಲುಗಲಿಲ್ಲ. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ಆಮೇಲೆ ಅವಳ ಹಿಂದೆ ಹೋಗಲಿಲ್ಲ. ಹೋಗುವ ಅಗತ್ಯ ಕಾಣಲಿಲ್ಲ.

ಅಂದು ಮಧ್ಯಾಹ್ನದ ಮೇಲೆ ಅಮ್ಮನಿಗೆ ಕೆಲಸ ಸಾಗಲಿಲ್ಲ. ನಾಲ್ಕು ಗಂಟೆಗೇ ಹೊರಗೆ ಬಂದು ನಿಂತರು, ನಾನೂ ಪಕ್ಕದಲ್ಲಿ ನಿಂತೆ. ಅಷ್ಟು ವರ್ಷ ಆ ಮನೆಗೆ ನಾವೆಲ್ಲ ಹೊರಗಿನಿಂದ ಬರುವವರು, ಅಕ್ಕ ಒಳಗೆ ಕಾಯುವವಳು. ಕಾಯುವುದು ಇಷ್ಟು ಉದ್ದ ಎಂದು ನಮಗೆ ಯಾರಿಗೂ ತಿಳಿದಿರಲಿಲ್ಲ. ಐದಕ್ಕೆ ಸ್ವಲ್ಪ ಮೊದಲು ತಿರುವಿನಲ್ಲಿ ಅವಳು ಕಂಡಳು, ಜಗಲಿಯ ಕಟ್ಟೆಗೆ ಬಂದು ಕಾಲೂರಿದಳು. ನನ್ನ ಮೊಣಕೈಯ ಪಟ್ಟಿಯನ್ನು ನೋಡಿದಳು, ಕೇಳಲಿಲ್ಲ.

“ಎಂತ, ಎಲ್ಲ ಹೊರಗೆ ನಿಂತಿದ್ದೀರಿ? ಒಬ್ಬರು ಕೆಲಸ ಮುಗಿಸಿ ಬರುವಾಗ ಮನೆಯಲ್ಲಿ ಚಾ ಸಹ ಇಲ್ವಾ?”

ನಾನು ಒಳಗೆ ಹೋಗಿ ಚಾಕ್ಕೆ ನೀರಿಟ್ಟೆ.