ಅಂಡಮಾನ್ ಅತ್ತೆ

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಅಂಡಮಾನ್ ಬಿಟ್ಟು ಬಂದಾಗ ನಾನು ಚಿತ್ತಾಪುರದ ಕನ್ಯಾ ಶಾಲೆಯಲ್ಲಿ ಓದುತ್ತಿದ್ದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅತ್ತೆಯ ಗಂಡ, ನಾನು ಮಾಮಾ ಎನ್ನುತ್ತಿದ್ದವರು, ಪೋರ್ಟ್ ಬ್ಲೇರ್‌ನಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಹೃದಯದ ತೊಂದರೆ ಕಾಣಿಸಿಕೊಂಡು, ದ್ವೀಪದ ಚಿಕಿತ್ಸೆ ಸಾಲದೆಂದು ನೌಕರಿಯನ್ನು ಅವಧಿಗೆ ಮೊದಲೇ ಬಿಟ್ಟು ಬಂದಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಅಪ್ಪ ಚಿತ್ತಾಪುರದಲ್ಲಿ ನಮ್ಮ ಮನೆಯ ಮಗ್ಗುಲಲ್ಲೇ ಅವರಿಗಾಗಿ ಬಾಡಿಗೆ ಮನೆ ನೋಡಿಟ್ಟಿದ್ದರು. ಅತ್ತೆ ಒಪ್ಪಲಿಲ್ಲ. ವಾಡಿಯಲ್ಲಿ ಇರುತ್ತೇವೆ ಎಂದಳು. ವಾಡಿಯೆಂದರೆ ಸಿಮೆಂಟಿನ ಧೂಳು, ಹಗಲೂ ರಾತ್ರಿ ಗಾಡಿಗಳ ಸದ್ದು. ಒಣಹಾಕಿದ ಬಟ್ಟೆ ಸಂಜೆಯೊಳಗೆ ಬೂದಿಬಣ್ಣಕ್ಕೆ ತಿರುಗುವ ಊರು. ಅಲ್ಲೇನಿದೆ ಅಂತ ಅಜ್ಜಿ ಸಿಟ್ಟಾದಳು. ಮದ್ರಾಸಿಗೆ ಹೋಗುವ ಗಾಡಿ ಅಲ್ಲಿ ನಿಲ್ಲುತ್ತದೆ, ಮದ್ರಾಸಿನಿಂದ ಹಡಗಿದೆ ಎಂದಳು ಅತ್ತೆ. ಇನ್ನೂ ಆ ಕಡೆ ಹೋಗುವುದಿದೆಯಾ ಎಂದು ಅಪ್ಪ ಕೇಳಿದ್ದಕ್ಕೆ, "ಹೋಗೋದು ಬಿಡೋದು ಆಮ್ಯಾಲಿನ ಮಾತು ಅಣ್ಣಾ. ದಾರಿ ಮನಿ ಹತ್ರ ಇರ್ಲಿ," ಅಂದಳಂತೆ.

ವಾಡಿಯ ಜನ ಅವಳನ್ನು ಅಂಡಮಾನ್ ಬಾಯಿ ಅಂತ ಕರೆದರು. ಅದನ್ನು ಕೇಳಿ ನಾವು ಮಕ್ಕಳು ಅಂಡಮಾನ್ ಅತ್ತೆ ಎಂದೆವು. ಬೇಸಿಗೆ ರಜೆ ಬಂದರೆ ನಾನು ಅವಳ ಮನೆಯಲ್ಲೇ ಇರುತ್ತಿದ್ದೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ನೀರು ಚಿಮುಕಿಸಿ, ಹಸಿ ಆರುವ ಮೊದಲೇ ನಾವಿಬ್ಬರೂ ಬರೀ ನೆಲಕ್ಕೆ ಮಲಗುತ್ತಿದ್ದೆವು. ಆಗ ಅವಳು ಕಡಲಿನ ಮಾತು ತೆಗೆಯುತ್ತಿದ್ದಳು. ಕಾರ್ಬಿನ್ಸ್ ಕೋವ್‌ನಲ್ಲಿ ನೀರಿನ ಕಡೆಗೆ ಬಾಗಿದ ತೆಂಗಿನ ಮರಗಳು. ಸಂಜೆ ಕಚೇರಿ ಬಿಟ್ಟ ಮಾಮಾ ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲಿಗೆ ಬರುತ್ತಿದ್ದುದು. ಹ್ಯಾವ್‌ಲಾಕ್‌ನ ಮರಳು ಎಷ್ಟು ನುಣುಪೆಂದರೆ ರವೆಯ ಜರಡಿಯಲ್ಲಿ ಹಿಡಿದರೂ ಒಂದು ಕಾಳು ಮೇಲೆ ಉಳಿಯದು. ನೀಲ್ ದ್ವೀಪದಲ್ಲಿ ನೀರು ಇಳಿದಾಗ ಕಲ್ಲುಗುಂಡಿಗಳಲ್ಲಿ ಸಿಕ್ಕಿಬೀಳುವ ಪುಟ್ಟ ಮೀನುಗಳು. ಆದರೆ ಅವಳ ಮಾತು ಎಲ್ಲಿಂದ ಶುರುವಾದರೂ ವಾಂಡೂರಿಗೆ ಬಂದು ನಿಲ್ಲುತ್ತಿತ್ತು. ಭಾನುವಾರ ಬಸ್ಸು ಹಿಡಿದು ಅವರು ಹೋಗುತ್ತಿದ್ದ ದಂಡೆ ಅದು. ಅಲ್ಲಿ ಅವಳಿಗೆ ಒಬ್ಬ ಗೆಳತಿಯಿದ್ದಳು: ದೋಣಿ ನಡೆಸುವವನ ಹೆಂಡತಿ, ಬಂಗಾಲದಿಂದ ಬಂದು ನೆಲೆಸಿದವರ ಪೈಕಿ. ಆಕೆ ಚುರುಮುರಿಗೆ ಸಾಸಿವೆ ಎಣ್ಣೆ ಕಲಸಿ ಕೊಡುತ್ತಿದ್ದಳು, ಅತ್ತೆ ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ಸುಸಲಾ ಮಾಡಿ ಒಯ್ಯುತ್ತಿದ್ದಳು. ಮೀನಿನ ಪಾತ್ರೆ ಮುಟ್ಟಿದ ಕೈಯೆಂದು ಆಕೆಯೇ ನೆನಪಿಟ್ಟುಕೊಂಡು, ಕೈ ತೊಳೆದು ಬಂದು ಮೀನು ತಿನ್ನದ ಅತ್ತೆಗೆ ಬಡಿಸುತ್ತಿದ್ದಳಂತೆ.

ಆ ದೋಣಿಯಲ್ಲೇ ಅವರು ಜಾಲಿಬಾಯ್ ಎಂಬ ಪುಟ್ಟ ದ್ವೀಪಕ್ಕೆ ಹೋದದ್ದು. ಅಲ್ಲಿ ಮಾಮಾ ಅವಳ ಮುಖಕ್ಕೆ ಗಾಜಿನ ಮುಖವಾಡ ಕಟ್ಟಿ, ಬಾಯಿಗೆ ಕೊಳವೆ ಕೊಟ್ಟು, ನೀರಿನಲ್ಲಿ ಮುಖವಿಡು ಎಂದರು. ಅತ್ತೆ ಚಿಕ್ಕಂದಿನಲ್ಲಿ ದಂಡೋತಿಯ ಹತ್ತಿರ ಕಾಗಿಣಾ ಹೊಳೆಯಲ್ಲಿ ಈಜಾಡಿದವಳು, ನೀರಿನ ಹೆದರಿಕೆಯಿರಲಿಲ್ಲ. ಕಚ್ಚೆ ಸೀರೆಯಲ್ಲೇ ಇಳಿದಳು.

"ಮಾರಿ ನೀರಾಗಿಟ್ಟೆ ನೋಡು ಕೂಸ, ಕೆಳಗ ಇನ್ನೊಂದು ಊರೇ ಅದ," ಎನ್ನುತ್ತಿದ್ದಳು. "ನಮ್ಮ ಹಂಗೇ ಅವಕ್ಕೂ ಓಣಿ, ಅವಕ್ಕೂ ಸಂದಿ. ಹಳದಿ ಮೀನಿನ ಒಂದು ಹಿಂಡು ನನ್ನ ಕೈಬಳಿ ತನಕ ಬಂದು ನೋಡಿ ಹೋತು. ನಾ ಯಾರಂತ ಯಾವುದೂ ಕೇಳಲಿಲ್ಲ."

ಆ ಮುಖವಾಡ, ಕೊಳವೆ ಎರಡನ್ನೂ ಅವಳು ವಾಡಿಗೆ ತಂದಿದ್ದಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದಳು. ಒಂದು ವರ್ಷ ದೀಪಾವಳಿ ಮುಗಿದ ಮೇಲೆ ನಾನು ಅಲ್ಲಿದ್ದಾಗ, ನಡಿ, ನಿನಗೂ ತೋರಿಸುತ್ತೇನೆ ಎಂದಳು. ಮಾಮಾ ಗೊತ್ತಿದ್ದವರ ಜೀಪು ಹೇಳಿದರು. ಶಹಾಬಾದಿನ ಕಡೆ ಹಾದಿಯ ಪಕ್ಕ, ಕೆಲಸ ನಿಲ್ಲಿಸಿದ ಕಲ್ಲಿನ ಖಣಿಗಳಿದ್ದವು. ಮಳೆಗಾಲದಲ್ಲಿ ತುಂಬಿದ ರಾಡಿ ನೀರು ಚಳಿಗಾಲಕ್ಕೆ ತಿಳಿಯಾಗಿ, ಗಿಳಿಹಸಿರು ಬಣ್ಣಕ್ಕೆ ಬರುತ್ತಿತ್ತು. ಪದರು ಪದರಾಗಿ ಕಲ್ಲು ಎಬ್ಬಿಸಿದ್ದರಿಂದ ಅಂಚು ಬಾವಿಯ ಮೆಟ್ಟಿಲಿನಂತೆ ಇಳಿದಿತ್ತು.

ಮಾಮಾ ಸೇದುವ ಹಗ್ಗದ ಒಂದು ತುದಿಯನ್ನು ಅತ್ತೆಯ ನಡುವಿಗೆ ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ಮುಂಗೈಗೆ ಸುತ್ತಿಕೊಂಡು ಬಂಡೆಯ ಮೇಲೆ ಕುಳಿತರು. ಅತ್ತೆ ಗಾಜಿನ ಒಳಮೈಗೆ ಉಗುಳಿ ಬೆರಳಿನಿಂದ ಉಜ್ಜಿದಳು. ಹಾಗೆ ಮಾಡಿದರೆ ಮಂಜು ಹಿಡಿಯುವುದಿಲ್ಲವಂತೆ. ಲೋಟಕ್ಕೆ ತುಟಿ ತಾಗಿಸಿದರೆ ಎಂಜಲೆಂದು ಕೈ ತೊಳೆಸುವ ಮನೆಯ ಹುಡುಗಿ ನಾನು, ಬೆರಗಾಗಿ ನೋಡಿದೆ. ಅವಳು ಮೆಟ್ಟಿಲು ಇಳಿದು, ಕೈಗಳನ್ನು ಅಗಲಿಸಿ, ನೀರಿನ ಮೇಲೆ ಬೋರಲಾಗಿ ತೇಲಿದಳು. ಕೊಳವೆಯ ತುದಿ ಮಾತ್ರ ಮೇಲೆ ಕಾಣುತ್ತಿತ್ತು. ಬಹಳ ಹೊತ್ತು ಏಳಲಿಲ್ಲ. ನನಗೆ ಗಾಬರಿಯಾಗಿ ಮಾಮಾನ ಕಡೆ ನೋಡಿದೆ. ಅವರು ಹಗ್ಗವನ್ನು ಸಡಿಲಾಗಿ ಹಿಡಿದು ಸುಮ್ಮನೆ ನಗುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಮೇಲೆ ಅದೇ ಕೊಳವೆಯನ್ನು ಅವಳ ಬಾಯಿಂದ ತೆಗೆದು ನನ್ನ ಬಾಯಿಗೆ ಕೊಟ್ಟಳು. ಮೊದಲ ಸಲ ನೀರು ನುಂಗಿ ಕೆಮ್ಮಿದೆ. ಅವಳು ನನ್ನ ಹೊಟ್ಟೆಯ ಕೆಳಗೆ ಕೈಯಿಟ್ಟು ಎತ್ತಿ ಹಿಡಿದಳು. ನನ್ನ ಉಸಿರಿನ ಸದ್ದು ಬೇರೆ ಯಾರದ್ದೋ ಎನ್ನುವಂತೆ ದೊಡ್ಡದಾಗಿ ಕೇಳಿಸಿತು. ಕೆಳಗೆ ಕಲ್ಲಿನ ಹಾಸುಗಳು, ಅವುಗಳ ಮೇಲೆ ಉಳಿಯ ಗೆರೆ, ನಿಂತಲ್ಲೇ ಮುಳುಗಿದ ಒಂದು ಜಾಲಿ ಗಿಡ, ಅದರ ಮುಳ್ಳುಗಳ ನಡುವೆ ಬೆರಳುದ್ದದ ಮೀನುಗಳು. ಬಿಸಿಲು ಒಳಗಿಳಿದು ಗಿಡದ ಕೊಂಬೆಗಳ ಮೇಲೆ ಅಲುಗುತ್ತಿತ್ತು. ಎದ್ದು ಬಂದವಳೇ, ಅಂಡಮಾನಿನಲ್ಲೂ ಹಿಂಗೇ ಇರುತ್ತದಾ ಎಂದು ಕೇಳಿದೆ. ಅತ್ತೆ ನನ್ನ ಕೂದಲು ಹಿಂಡುತ್ತಾ ಇಲ್ಲ ಎಂದಳು. ಹಿಂಡಿ ಮುಗಿದ ಮೇಲೆ, ಆದರೆ ಮುಖ ಒಳಗಿಟ್ಟಾಗಿನ ಸದ್ದು ಮಾತ್ರ ಅದೇ ಎಂದಳು.

ಸುದ್ದಿ ಚಿತ್ತಾಪುರ ಮುಟ್ಟಲು ತಡವಾಗಲಿಲ್ಲ. ಅಪ್ಪ ಮರುವಾರವೇ ವಾಡಿಗೆ ಬಂದರು. ಖಣಿ ನೀರು ಜನರನ್ನು ಎಳೆದುಕೊಂಡಿದೆ, ಹೆಣ್ಣುಮಕ್ಕಳು ನಡುಹಗಲಲ್ಲಿ ಅಲ್ಲಿ ಈಜಿದರೆ ನಾಲ್ಕು ಜನ ಏನೆಂದಾರು ಎಂದೆಲ್ಲ ಹೇಳಿದರು. ಅತ್ತೆ ಅಪ್ಪನಿಗೆ ಚಹಾ ಕೊಟ್ಟು ಎದುರಿಗೆ ಕುಳಿತಳು.

"ಅಣ್ಣಾ, ನಾ ಸಾಯ್ಲಿಕ್ಕ ಹೋಗಲಿಕತ್ತಿಲ್ಲ, ನೋಡ್ಲಿಕ್ಕ ಹೋಗಲಿಕತ್ತೀನಿ. ಇವರು ಹಗ್ಗ ಹಿಡಿದಿರ್ತಾರ. ಇಷ್ಟಕ್ಕೂ ಬ್ಯಾಡ ಅಂದ್ರ, ನಾ ಮತ್ತೆಲ್ಲಿ ನೋಡ್ಲಿ ಹೇಳ್ರಿ."

ಅಪ್ಪ ನನ್ನನ್ನು ಕರೆದುಕೊಂಡು ಹೋಗಬಾರದೆಂದು ಮಾತ್ರ ಹೇಳಿ ಎದ್ದರು. ಮುಂದಿನ ಚಳಿಗಾಲ ಅದೂ ಮರೆತುಹೋಯಿತು.

ಹೀಗೆ ಕೆಲವು ವರ್ಷ ನಡೆಯಿತು. ದಶಕದ ಕೊನೆಯಲ್ಲಿ ಮಾಮಾ ತೀರಿಕೊಂಡರು, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅತ್ತೆ ಖಣಿಯ ಕಡೆ ಮತ್ತೆ ಹೋಗಲಿಲ್ಲ. ವಾಂಡೂರಿನವರ ಸುದ್ದಿಯೂ ಅಲ್ಲಿಗೆ ನಿಂತಿತು. ಹಬ್ಬಕ್ಕೊಮ್ಮೆ ಅಲ್ಲಿಗೆ ಕಾಗದ ಹಾಕುತ್ತಿದ್ದವರು ಮಾಮಾ. ಗೂಡಿನಲ್ಲಿದ್ದ ಮುಖವಾಡದ ರಬ್ಬರು ವಾಡಿಯ ಬಿಸಿಲಿಗೆ ಮೊದಲು ಬೆಲ್ಲದಂತೆ ಅಂಟಾಯಿತು, ಆಮೇಲೆ ಒಣಗಿ ಬಿರಿಯಿತು.

ನಾನು ಓದು ಮುಗಿಸಿ ಸೇಡಂನ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಸೇರಿದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ವಾಡಿಗೆ ಹೋದರೆ, ಅತ್ತೆಯ ಮಾತು ಅದೇ ದಂಡೆಗಳ ಸುತ್ತ ತಿರುಗುತ್ತಿತ್ತು. ಆದರೆ ಈಗ ಮೀನಿಗಿಂತ ಹೆಚ್ಚಾಗಿ ಗೆಳತಿ ಬರುತ್ತಿದ್ದಳು. ಈ ಹೊತ್ತಿಗೆ ಬಲೆ ಹೊಲಿಯುತ್ತಿರಬಹುದು, ಈ ಹೊತ್ತಿಗೆ ತುಳಸಿಗೆ ದೀಪವಿಡುತ್ತಿರಬಹುದು ಎನ್ನುತ್ತಿದ್ದಳು. ಒಂದು ವರ್ಷ, ಜನವರಿಯಲ್ಲಿ ನಾವಿಬ್ಬರೂ ಹೋಗಿಬರೋಣ ಎಂದು ಅವಳನ್ನು ಒಪ್ಪಿಸಿದೆ. ಅವಳು ಟ್ರಂಕು ಕೆಳಗಿಳಿಸಿ ಒರೆಸಿದ್ದಳು ಕೂಡ. ಅಷ್ಟರಲ್ಲಿ ಡಿಸೆಂಬರಿನ ಕೊನೆಯ ಭಾನುವಾರ ಟಿವಿಯಲ್ಲಿ ಸುನಾಮಿಯ ಸುದ್ದಿ ಬಂತು.

ನಾನು ಸೇಡಂನಿಂದ ಧಾವಿಸಿ ಹೋದಾಗ ಅವಳು ಟಿವಿಯ ಮುಂದೆ ನೆಲದ ಮೇಲೆ ಕುಳಿತಿದ್ದಳು. ಪೋರ್ಟ್ ಬ್ಲೇರ್ ಅನ್ನುತ್ತಾರೆ, ನಿಕೋಬಾರ್ ಅನ್ನುತ್ತಾರೆ, ವಾಂಡೂರಿನ ಹೆಸರನ್ನೇ ಎತ್ತುತ್ತಿಲ್ಲ ಎಂದಳು. ಎಷ್ಟೋ ದಿನ ಅದನ್ನೇ ಹೇಳಿದಳು. ಯಾರನ್ನು ಕೇಳುವುದು, ಯಾರಿಗೆ ಫೋನು ಮಾಡುವುದು ನಮಗೆ ತಿಳಿಯಲಿಲ್ಲ. ಟ್ರಂಕು ಮತ್ತೆ ಅಟ್ಟ ಸೇರಿತು.

ಕಡೆಗೂ ನಾವು ಹೋದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಅತ್ತೆಗೆ ಮೊಣಕಾಲು ನೋವು ಶುರುವಾಗಿತ್ತು. ಈಗಲ್ಲದಿದ್ದರೆ ಇನ್ನಿಲ್ಲ ಎಂದು ಅವಳೇ ಹೇಳಿದಳು. ವಾಡಿಯಿಂದ ರೈಲಿನಲ್ಲಿ ಚೆನ್ನೈ, ಅಲ್ಲಿಂದ ವಿಮಾನ. ಹಡಗಿನಲ್ಲಿ ಹೋಗಬೇಕೆಂಬ ಆಸೆ ಅವಳಿಗಿತ್ತು, ನನಗೆ ಅಷ್ಟು ರಜೆಯಿರಲಿಲ್ಲ.

ವಾಂಡೂರಿನಲ್ಲಿ ಬಸ್ಸಿಳಿದವಳು ಅಲ್ಲೇ ನಿಂತುಬಿಟ್ಟಳು. ದಂಡೆ ಅವಳು ಹೇಳಿದ ಜಾಗದಲ್ಲಿರಲಿಲ್ಲ. ನೆಲ ಕುಸಿದು ಕಡಲು ಒಳಗೆ ಬಂದಿತ್ತು. ದೊಡ್ಡ ದೊಡ್ಡ ಮರಗಳು ಎಲೆಯಿಲ್ಲದೆ, ತೊಗಟೆಯಿಲ್ಲದೆ, ಬೆಳ್ಳಗೆ ನೀರಿನಲ್ಲೇ ನಿಂತಿದ್ದವು. ಕೆಲವು ಬೇರು ಮೇಲಾಗಿ ಬಿದ್ದಿದ್ದವು. ಗೆಳತಿಯ ಮನೆಯಿದ್ದ ಜಾಗವನ್ನು ಅತ್ತೆ ಬೆರಳು ಮಾಡಿ ತೋರಿಸಿದಳು. ಅಲ್ಲಿ ಅಲೆಗಳಿದ್ದವು.

ಅಂಗಡಿಯವನನ್ನು ಕೇಳಿದೆವು. ಆಕೆ ಬದುಕಿದ್ದಾಳೆ, ಮೇಲೆ ದಿಣ್ಣೆಯ ಮೇಲಿನ ಹೊಸ ಮನೆಗಳಲ್ಲಿದ್ದಾಳೆ ಎಂದ. ನಾವು ಹತ್ತಿ ಹೋದೆವು. ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದ ತೆಳ್ಳಗಿನ ಹೆಂಗಸು ತಲೆಯೆತ್ತಿ ಅತ್ತೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಂದು ಅತ್ತೆಯ ಎರಡೂ ಕೈ ಹಿಡಿದು ಒಳಗೆ ಕರೆದೊಯ್ದಳು. ಅವಳ ಗಂಡ ಸುನಾಮಿಯ ದಿನ ದಕ್ಷಿಣದ ಇನ್ನೊಂದು ದ್ವೀಪಕ್ಕೆ ದೋಣಿ ತೆಗೆದುಕೊಂಡು ಹೋಗಿದ್ದನಂತೆ. ದೋಣಿಯೂ ಸಿಗಲಿಲ್ಲ. ಅತ್ತೆ ಮಾಮಾನ ವಿಷಯ ಹೇಳಿದಳು. ಇಬ್ಬರೂ ಅತ್ತರು, ಇಬ್ಬರೂ ಒಟ್ಟಿಗೇ ಕಣ್ಣೊರೆಸಿಕೊಂಡರು.

ಆ ಮನೆಯ ಬಾಗಿಲು ಗುಡ್ಡದ ಕಡೆಗಿತ್ತು. ಕಡಲಿನ ಕಡೆ ಒಂದು ಕಿಟಕಿಯಿತ್ತು, ಅದಕ್ಕೆ ಹಲಗೆ ಬಡಿದಿದ್ದರು. ಅಂದಿನಿಂದ ತಾನು ಕೆಳಗೆ ಇಳಿದಿಲ್ಲ ಎಂದಳು ಆಕೆ. ನಾಳೆ ಜಾಲಿಬಾಯ್‌ಗೆ ಹೋಗುತ್ತೇವೆ ಎಂದು ಅತ್ತೆ ಅಂಜುತ್ತಲೇ ಹೇಳಿದಳು. ಗೆಳತಿ ಹಿಂದಿಯಲ್ಲಿ, ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿಯದವಳಂತೆ ಕೇಳಿದಳು:

"ಆ ನೀರನ್ನು ನೋಡುವುದಕ್ಕೆ ಇಷ್ಟು ದೂರದಿಂದ ಬಂದೆಯಾ?"

ಅತ್ತೆ ತಲೆ ತಗ್ಗಿಸಿದಳು. ಆ ರಾತ್ರಿ ವಸತಿಗೃಹದಲ್ಲಿ, ಹೋಗುವುದು ಬೇಡವೇನೋ ಎಂದಳು. ನಾನು ಒತ್ತಾಯ ಮಾಡಲಿಲ್ಲ. ಬೆಳಿಗ್ಗೆ ನೋಡಿದರೆ ಸ್ನಾನ ಮಾಡಿ ಸಿದ್ಧಳಾಗಿದ್ದಳು.

ದೋಣಿಕಟ್ಟೆಗೆ ನಾವು ತಲುಪಿದಾಗ ಗೆಳತಿ ಅಲ್ಲಿದ್ದಳು. ಬೇಲಿಯ ಹತ್ತಿರ, ನೀರಿಗೆ ಬೆನ್ನು ಮಾಡಿ ನಿಂತಿದ್ದಳು. ಅತ್ತೆಯ ಕೈಗೆ ಚುರುಮುರಿಯ ಪೊಟ್ಟಣ ಕೊಟ್ಟಳು. ದೋಣಿಗೆ ಬಾ ಎಂದರೆ ಬೇಡವೆಂದು ಕೈಯಾಡಿಸಿದಳು.

ಜಾಲಿಬಾಯ್‌ನಲ್ಲಿ ಬಾಡಿಗೆಯ ಮುಖವಾಡ ಕೊಟ್ಟರು, ಗಾಳಿ ತುಂಬಿದ ರಬ್ಬರಿನ ದೊಡ್ಡ ಬಳೆಯೊಂದನ್ನು ಹಿಡಿದುಕೊಳ್ಳಲು ಕೊಟ್ಟರು. ಅತ್ತೆ ಚೂಡಿದಾರದಲ್ಲಿ ನೀರಿಗಿಳಿದಳು, ನಾನು ಅವಳ ಪಕ್ಕದಲ್ಲಿ ತೇಲಿದೆ. ಹವಳದ ದಿಬ್ಬಗಳು ಬಹಳಷ್ಟು ಬೂದುಬಣ್ಣಕ್ಕೆ ತಿರುಗಿದ್ದವು. ಕೊಂಬೆಯಂಥವು ಮುರಿದು, ಸುಣ್ಣದ ಚೂರುಗಳಂತೆ ತಳದಲ್ಲಿ ಹರಡಿದ್ದವು. ಅವುಗಳ ಮೇಲೆ ಮೀನುಗಳಿದ್ದವು, ಹಳದಿಯವು, ನೀಲಿಯವು, ಆದರೆ ಹಿಂಡಾಗಿ ಅಲ್ಲ, ಅಲ್ಲೊಂದು, ಇಲ್ಲೊಂದು. ಅತ್ತೆ ಒಂದೇ ಕಡೆ ತೇಲುತ್ತಾ ಬಹಳ ಹೊತ್ತು ನೋಡಿದಳು. ಮೇಲೆದ್ದು ಮುಖವಾಡ ತೆಗೆದಾಗ ಅದರೊಳಗೆ ನೀರು ತುಂಬಿತ್ತು. ಅದು ಕಡಲಿನ ನೀರೋ ಅಲ್ಲವೋ ನಾನು ಕೇಳಲಿಲ್ಲ.

ಮಧ್ಯಾಹ್ನ ದೋಣಿ ವಾಂಡೂರಿಗೆ ಮರಳಿದಾಗ ಗೆಳತಿ ಹೋಗಿರಲಿಲ್ಲ. ಬಿದ್ದ ಮರದ ಮೇಲೆ ಕುಳಿತಿದ್ದಳು, ಮುಖ ನೀರಿನ ಕಡೆಗಿತ್ತು. ಅತ್ತೆ ಕುಂಟುತ್ತಾ ಹೋಗಿ ಪಕ್ಕದಲ್ಲಿ ಕುಳಿತಳು. ಅಲ್ಲಿ ಏನು ಕಂಡಿತು ಎಂದು ಗೆಳತಿ ಮೆಲ್ಲಗೆ ಕೇಳಿದಳು.

ಅತ್ತೆ ತನ್ನ ಕಲಬುರಗಿ ಹಿಂದಿಯಲ್ಲಿ ಹೇಳತೊಡಗಿದಳು. ಹಳದಿ ಮೀನಿನ ಹಿಂಡು ಹಾಗೇ ಇದೆ, ಬಂದು ಕೈ ಮುಟ್ಟಿ ಹೋದವು ಎಂದಳು. ಕೊಂಬೆಕೊಂಬೆಯ ಹವಳ ಮೊದಲಿಗಿಂತ ಎತ್ತರ ಬೆಳೆದಿದೆ, ನಿನ್ನ ಗಂಡ ದೋಣಿ ಕಟ್ಟುತ್ತಿದ್ದ ಜಾಗದ ಕೆಳಗಂತೂ ಕಣ್ಣು ಸಾಲದು ಎಂದಳು. ಆಕೆ ನಡುನಡುವೆ ಏನೋ ನೆನಪು ಮಾಡಿ ಕೇಳುತ್ತಿದ್ದಳು, ಆ ದೊಡ್ಡ ಗಿಳಿಮೀನು, ಆ ಕಲ್ಲಿನ ಸಂದಿಯ ಹಾವುಮೀನು. ಎಲ್ಲವೂ ಇದೆ, ಎಲ್ಲವೂ ಇದೆ ಎನ್ನುತ್ತಿದ್ದಳು ಅತ್ತೆ. ನಾನು ಒದ್ದೆ ಟವೆಲು ಹಿಡಿದು ಅವರ ಹಿಂದೆ ನಿಂತಿದ್ದೆ. ಬಸ್ಸು ಬಂದು ಹಾರನ್ನು ಹೊಡೆಯಿತು. ಇಬ್ಬರೂ ಏಳಲಿಲ್ಲ, ನಾನೂ ಕರೆಯಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತು ಎಂದುಕೊಂಡೆ.

ಅತ್ತೆ ಈಗಿಲ್ಲ. ಆ ಗೆಳತಿ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಸೇಡಂನಲ್ಲಿ ಬೇಸಿಗೆಯ ಮಧ್ಯಾಹ್ನ ಶಾಲೆ ಬಿಟ್ಟು ಬಂದು ಮಲಗಿದಾಗ, ಒಮ್ಮೊಮ್ಮೆ ಆ ಕಡಲಿನ ಆಸೆ ಎದೆಯಲ್ಲಿ ಏಳುತ್ತದೆ. ನಾನು ಕಣ್ಣಾರೆ ಕಂಡದ್ದಲ್ಲ, ಅತ್ತೆ ಆ ಮರದ ಮೇಲೆ ಕುಳಿತು ಹೇಳಿದ್ದು.