ಮೇಷ್ಟ್ರ ಹೆಸರಿನ ಬೇಲು

ಹೋದ ವಾರ ಬಿಳಿಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೊಗೆಸೊಪ್ಪನ್ನು ಒತ್ತಿ ಕಟ್ಟಿದ ಬೇಲುಗಳನ್ನು ಹೇರಿಕೊಂಡ ಟ್ರ್ಯಾಕ್ಟರೊಂದು ಹಾದುಹೋಯಿತು. ಹದವಾಗಿ ಬೆಂದ ಸೊಪ್ಪಿನ ಆ ವಾಸನೆ ಮೂಗಿಗೆ ಬಡಿದದ್ದೇ ನಮ್ಮ ಇಂಗ್ಲಿಷ್ ಮೇಷ್ಟ್ರು ನೆನಪಾದರು...

ಹೈಸ್ಕೂಲಿನಲ್ಲಿ ಒಂದು ದಿನ ಅವರು "ದ ಕ್ಯಾಟ್ ಈಸ್ ಔಟ್ ಆಫ್ ದ ಬ್ಯಾಗ್" ಎಂದು ಬೋರ್ಡಿನ ಮೇಲೆ ಬರೆದರು. ಮುಚ್ಚಿಟ್ಟದ್ದು ಬಯಲಾದಾಗ ಹೀಗೆನ್ನುತ್ತಾರಂತೆ. ಹಿಂದೆ ಇಂಗ್ಲಿಷರ ಸಂತೆಯಲ್ಲಿ ಹಂದಿಮರಿ ಎಂದು ಹೇಳಿ ಚೀಲದಲ್ಲಿ ಬೆಕ್ಕು ಕಟ್ಟಿ ಮಾರುತ್ತಿದ್ದರಂತೆ. ನಾವು ನಕ್ಕೆವು. "ನಗೋದು ಸುಲಭ ಕಣ್ರೋ, ಬೆಕ್ಕು ಕಟ್ಟಿದೋನು ಯಾರು ಅಂತ ಮೊದಲು ಕೇಳಿ" ಎಂದರು.

ನನ್ನ ಓದು ಹೈಸ್ಕೂಲಿಗೇ ನಿಂತಿತು, ಬೇಸಾಯಕ್ಕೆ ಇಳಿದೆ. ಹರಾಜಿನಲ್ಲಿ ಹೊಗೆಸೊಪ್ಪು ಮಾರಲು ಬೇಕಾದ ಸರಕಾರಿ ಲೈಸೆನ್ಸು ನನಗಿರಲಿಲ್ಲ. ಮೇಷ್ಟ್ರಿಗೆ ಅವರ ತಂದೆಯಿಂದ ಬಂದದ್ದಿತ್ತು. ಒಬ್ಬರ ಲೈಸೆನ್ಸಿನಲ್ಲಿ ಇನ್ನೊಬ್ಬರು ಮಾರುವುದು ನಮ್ಮ ಕಡೆ ಹೊಸದೇನಲ್ಲ. "ತಗೊಳ್ಳಪ್ಪಾ, ನನ್ನ ಹೆಸರು ಕೆಡಿಸಬೇಡ ಅಷ್ಟೇ" ಎಂದು ಕೊಟ್ಟರು.

ಕೆಡಿಸಿದೆ. ಒಂದು ಬೇಲಿನ ಮೇಲೂ ಕೆಳಗೂ ಒಳ್ಳೆ ದರ್ಜೆಯ ನಿಂಬೆಬಣ್ಣದ ಸೊಪ್ಪು ಜೋಡಿಸಿ, ನಡುವೆ ಕಪ್ಪಾದ ಹರಕು ಸೊಪ್ಪು ತುರುಕಿ ಕಟ್ಟಿದೆ. ಹರಾಜು ಕಟ್ಟೆಯಲ್ಲಿ ದರ್ಜೆ ನೋಡುವವನು ಬೇಲಿನ ನಡುವಿಗೇ ಕೈ ಹಾಕಿ ಎಳೆದ. ಕಪ್ಪು ಸೊಪ್ಪು ಎಲ್ಲರೆದುರು ಚೆಲ್ಲಿತು. ಲೈಸೆನ್ಸುದಾರನ ಹೆಸರು, ಅಂದರೆ ಮೇಷ್ಟ್ರ ಹೆಸರು ಕೂಗಿದರು. ರಜೆ ಇದ್ದುದರಿಂದ ಮೇಷ್ಟ್ರೂ ಬಂದು ನನ್ನ ಪಕ್ಕದಲ್ಲೇ ನಿಂತಿದ್ದರು.

"ಏನ್ ಮೇಷ್ಟ್ರೇ, ಕ್ಯಾಟು ಔಟಾಯ್ತಾ?" ಅವರ ಹಳೆಯ ವಿದ್ಯಾರ್ಥಿಯೊಬ್ಬ ಕೂಗಿದ.

"ಪಾಠ ಏಳೋದೇ ಬ್ಯಾರೆ, ಬೇಲ್ ಕಟ್ಟೋದೇ ಬ್ಯಾರೆ ಕಣ್ಲಾ!" ಇನ್ನೊಬ್ಬ ದನಿಗೂಡಿಸಿದ. ಕಟ್ಟೆಯೆಲ್ಲ ನಕ್ಕಿತು.

ನಕ್ಕವರಲ್ಲಿ ಎಷ್ಟು ಜನ ಹಾಗೆಯೇ ಬೇಲು ಕಟ್ಟಿದವರು! ಸಿಕ್ಕಿಬೀಳದವರೆಲ್ಲ ಸಾಚಾಗಳೇ? ನೆನೆದರೆ ಈಗಲೂ ಮೈ ಉರಿಯುತ್ತದೆ. ಅವರಿಗಿಂತ ಹೇಸಿಗೆಯವನು ನಾನು. ಮೇಷ್ಟ್ರು ನನ್ನ ಕಡೆ ಒಮ್ಮೆ ನೋಡಿದರು. ನಾನು ಹೆಗಲ ಟವೆಲ್ ಸರಿಮಾಡಿಕೊಂಡೆ. "ನಂದೇ ಸಾರ್, ತಪ್ಪಾಯ್ತು" ಎಂದು ಅವರು ಅಧಿಕಾರಿಗೆ ಕೈಮುಗಿದರು...

ಆಮೇಲೆ ಅವರು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ ಮಿಯಾಂವ್ ಎನ್ನುವ ಸದ್ದು. ನಿವೃತ್ತಿಯವರೆಗೂ ಅದು ನಿಲ್ಲಲಿಲ್ಲ. ನಾಲ್ಕು ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟರು. ನಾನು ಎದುರಾದರೆ ಮಾತ್ರ, "ಬೆಳೆ ಹೆಂಗೈತಪ್ಪಾ?" ಎಂದು ಕೇಳುತ್ತಿದ್ದರು. ಅದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ಚೆನ್ನಾಗಿತ್ತು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೋದ ವಾರ ಬಿಳಿಕೆರೆಯಲ್ಲಿ ಬಸ್ಸು ಹತ್ತಿದವನು ಮನೆಗೆ ಹೋಗದೆ ಹರಾಜು ಕಟ್ಟೆಗೇ ಹೋದೆ. ಅಂದು ನಕ್ಕವರಲ್ಲಿ ಉಳಿದಿರುವ ಇಬ್ಬರು ಟೀ ಅಂಗಡಿಯಲ್ಲಿದ್ದರು. "ಆ ಬೇಲು ಕಟ್ಟಿದ್ದು ನಾನು ಕಣ್ರಪ್ಪಾ, ಮೇಷ್ಟ್ರಲ್ಲ" ಎಂದೆ.

"ಓಗ್ಲಿ ಬುಡಣ್ಣೋ, ಯಾವ ಕಾಲದ ಮಾತು! ಟೀ ಕುಡಿ."

ಆ ಮನುಷ್ಯನನ್ನು ಜೀವಮಾನವೆಲ್ಲ ಆಡಿಕೊಳ್ಳುವಾಗ ಇವರಿಗೆ ಅದು ಹಳೆಯ ಮಾತಾಗಿರಲಿಲ್ಲ! ಬಾಯಿಗೆ ಬಂದಂತೆ ಬೈದು ಎದ್ದು ಬಂದೆ. ರಸ್ತೆಗೆ ಬಂದ ಮೇಲೆ ಬೈಗುಳ ನಿಂತುಹೋಯಿತು... ಇವರಿಗೆ ಹೇಳಿ ಏನಾಗಬೇಕಿತ್ತು? ಈ ಮಾತು ಕೇಳಿಸಿಕೊಳ್ಳಬೇಕಾಗಿದ್ದವರು ಒಬ್ಬರೇ. ಹೋದ ಬೇಸಿಗೆಯವರೆಗೂ ಅವರು ನಮ್ಮ ಪಕ್ಕದ ಬೀದಿಯಲ್ಲೇ ಇದ್ದರು.